ಮೂಲಂಗಿಗೊಂದು ಉದಾಹರಣೆ

ನಮ್ಮ ನಿಘಂಟು ಕಚೇರಿಯಲ್ಲಿ ಉದಾಹರಣೆ ವಾಕ್ಯವನ್ನು ಕಟ್ಟುವಂತಿಲ್ಲ. ಯಾರಾದರೂ ಬಾಯಿಬಿಟ್ಟು ಆಡಿದ ಮಾತೇ ಆಗಬೇಕು, ಆಡಿದವರ ಗುರುತೂ ಅಚ್ಚಾಗಬೇಕು. ‘ಮೂಲಂಗಿ’ಗೆ ಅರ್ಥ ಸಿದ್ಧವಿತ್ತು, ಮಾತು ಸಿಕ್ಕಿರಲಿಲ್ಲ. ಸಂಜೆಯೇ ಆ ಪುಟ ಮುದ್ರಣಕ್ಕೆ ಹೋಗಬೇಕಿತ್ತು.

ಮಧ್ಯಾಹ್ನ ಉಪಸಂಪಾದಕ ಊಟದ ಡಬ್ಬಿ ತೆರೆದು ನಿಟ್ಟುಸಿರಿಟ್ಟ. “ನಮ್ಮತ್ತೆ ಮತ್ತೆ ಮೂಲಂಗಿ ತುಂಬಿದ್ದಾರೆ. ಹನ್ನೊಂದು ವರ್ಷದಿಂದ ಚೆನ್ನಾಗಿದೆ ಅಂತ ನುಂಗ್ತಾ ಇದ್ದೀನಿ.”

ಪ್ರಧಾನ ಸಂಪಾದಕರು ಆಗಲೇ ಅದನ್ನು ಚೀಟಿಯಲ್ಲಿ ಬರೆದುಕೊಂಡಿದ್ದರು.

“ಬೇಡಿ ಸಾರ್, ನಮ್ಮತ್ತೆ ಓದ್ತಾರೆ.”

“ನಿಘಂಟನ್ನ ಯಾರಯ್ಯ ಕೂತು ಓದ್ತಾರೆ?”

“ಅವರೊಬ್ಬರೇ ಸಾರ್. ಅಳಿಯ ಬರೆದಿದ್ದು ಅಂತ ‘ಅ’ದಿಂದ ಹಿಡಿದು ‘ಭ’ದವರೆಗೂ ಮುಗಿಸಿ, ‘ಮ’ಕ್ಕೆ ಕಾಯ್ತಾ ಇದ್ದಾರೆ.”

“ಹಾಗಾದ್ರೆ ಐದು ಗಂಟೆಯೊಳಗೆ ಬೇರೆ ಮಾತು ತಾ.”

ಆತ ಗಾಬರಿಯಲ್ಲಿ ಅತ್ತೆಗೇ ಫೋನು ಮಾಡಿ, ಮೂಲಂಗಿಯ ಬಗ್ಗೆ ಏನಾದರೂ ಹೇಳಿ ಎಂದ. ಅವರು ಯೋಚಿಸಲೂ ಇಲ್ಲ.

“ಮೂಲಂಗಿ ಅಂದ್ರೆ ನಮ್ಮ ಅಳಿಯಂದಿರು ಪ್ರಾಣ ಬಿಡ್ತಾರೆ.”

ಅದೇ ಅಚ್ಚಾಯಿತು, ಅತ್ತೆಯ ಗುರುತಿನೊಂದಿಗೆ. ಆಡಿದ ಮಾತಾಗಿರಬೇಕು ಎಂದಷ್ಟೇ ನಮ್ಮ ನಿಯಮ, ನಿಜವಾಗಿರಬೇಕು ಎಂದಿಲ್ಲ. ಸಂಪುಟ ಅತ್ತೆಯ ಕೈಸೇರಿದ ಮರುದಿನ ಉಪಸಂಪಾದಕ ಮೂರು ಅಂತಸ್ತಿನ ಹೊಸ ಡಬ್ಬಿ ಹೊತ್ತು ಬಂದ. ಮೂರರಲ್ಲೂ ಅದೇ ಇತ್ತು.