ತಟ್ಟೆಯ ತಳ

ಯಾರ ಮನೆಗೆ ಹೋದರೂ ಲಿಯೊನಾರ್ಡ್ ಟನಿಕ್ಲಿಫ್ ಕುಳಿತವನೇ ಖಾಲಿ ತಟ್ಟೆಯನ್ನು ಮಗುಚಿ ತಳ ನೋಡುತ್ತಿದ್ದ. ಅಸಭ್ಯತೆಯಲ್ಲ ಅದು, ಪಿಂಗಾಣಿಯ ಊರಾದ ಲಾಂಗ್ಟನ್ನಿನಲ್ಲಿ ಹುಟ್ಟಿದವರೆಲ್ಲರ ಕೈಗಂಟಿದ ಚಾಳಿ. ಅಲ್ಲಿ ಒತ್ತಿದ ಮುದ್ರೆ ಓದಿ, ಯಾವ ಊರಿನದು, ಯಾರ ಆವಿಗೆಯಲ್ಲಿ ಸುಟ್ಟದ್ದು ಎಂದು ತಿಳಿದ ಮೇಲೆಯೇ ಅವರಿಗೆ ತುತ್ತು ಗಂಟಲಿಳಿಯುವುದು.

ಆವಿಗೆಯ ಮುಂದೆ ಬೆವರಿಳಿಸಿದವನ ಮಗ ಲೆಕ್ಕಪತ್ರ ಕಲಿತು, ಲಂಡನ್ನು ಸೇರಿ, ಇದ್ದಿಲುಬಣ್ಣದ ಕೋಟು ತೊಟ್ಟು, ಗುಂಪಿಲ್ಲದಲ್ಲೂ ಗುಂಪು ಸೀಳುವವನಂತೆ ಒಂದು ಭುಜ ಮುಂದೆ ಚಾಚಿ ನಡೆಯುವುದನ್ನು ರೂಢಿಸಿಕೊಂಡು, ಕೊನೆಗೆ ತಂದೆ ದುಡಿದ ಕಂಪನಿಗೇ ಹಣಕಾಸಿನ ಮುಖ್ಯಸ್ಥನಾಗಿ ಮರಳಿದ. 'ನಿಜ ಹೇಳಬೇಕೆಂದರೆ' ಎಂಬುದು ಅವನ ಮಾತಿನ ಊರುಗೋಲು. ಅದಿಲ್ಲದೆ ಯಾವ ವಾಕ್ಯವೂ ಎದ್ದು ನಿಲ್ಲುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆವಿಗೆಗಳು ದುಬಾರಿ, ಎಂದ. ಅವು ಒಂದೊಂದಾಗಿ ಆರಿದವು. ತಟ್ಟೆಗಳು ಸಮುದ್ರದಾಚೆಯಿಂದ ಅಗ್ಗವಾಗಿ ಬಂದವು. ಉಳಿದುಕೊಂಡ ಕಂಪನಿ ಅವನನ್ನು ಅಧ್ಯಕ್ಷನನ್ನಾಗಿ ಮಾಡಿತು.

ಪಟ್ಟವೇರಿದ ವಾರವೇ ಹಳೆಯ ಕೆಲಸಗಾರರಿಗೆಲ್ಲ ಚಹಾಕೂಟ ಇಟ್ಟ. ಊರು ತನ್ನನ್ನು ಮತ್ತೆ ತನ್ನವನೆನ್ನಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಟ್ಟೆಗಳ ಮೇಲೆ ಹೂ ಬರೆದೂ ಬರೆದೂ ಬೆನ್ನು ಬಾಗಿದ, ಆವಿಗೆ ಆರಿದಂದಿನಿಂದ ತನ್ನೊಡನೆ ಮಾತು ಬಿಟ್ಟ ಅಕ್ಕ ಹಿಲ್ಡಾ ಮಾತಾಡಬೇಕು. ಅವಳು ಬಂದು ಪಕ್ಕದಲ್ಲೇ ಕೂತಿದ್ದಳು.

"ನಿಜ ಹೇಳಬೇಕಂದ್ರೆ, ನಾನು ಎಲ್ಲಿಗೆ ಹೋದ್ರೂ ಈ ಮಣ್ಣಿನವನೇ. ಈ ಕಂಪನೀನೂ ಅಷ್ಟೇ," ಎಂದ. ಚಪ್ಪಾಳೆ ಬಿತ್ತು. ಹಿಲ್ಡಾಳೂ ಎರಡೇ ಎರಡು ಸಲ ತಟ್ಟಿದಳು.

ಸಂತೋಷದಲ್ಲಿ ಕುಳಿತ. ಕೈ ಬಾಲ್ಯದ ಚಾಳಿಗೆ ಬಿದ್ದು ಮುಂದಿದ್ದ ತಟ್ಟೆಯನ್ನು ಮಗುಚಿತು. ಅಧ್ಯಕ್ಷನೇ ನೋಡಿದ ಮೇಲೆ ಇನ್ನೇನು ಸಂಕೋಚ? ಇಡೀ ಸಭೆ ಖಣಖಣ ತಟ್ಟೆ ಮಗುಚಿತು. ತಳದಲ್ಲಿ ಕಂಪನಿಯ ಹೆಸರಿತ್ತು, ಊರಿನ ಹೆಸರಿರಲಿಲ್ಲ.

"ಅಯ್ಯೋ ಪಾಪ, ಹುಟ್ಟೂರೇ ಇಲ್ಲದ ಅನಾಥ ಕೂಸು ಕಣ್ರೇ ಇದು!" ಎಂದಳು ಹಿಲ್ಡಾಳ ಹಳೆಯ ಜೊತೆಗಾತಿ ಎಡ್ನಾ ಮೇಚಿನ್. ನಗು ಎದ್ದು ಅರ್ಧಕ್ಕೇ ಸತ್ತಿತು.

"ನಿಜ ಹೇಳಬೇಕಂದ್ರೆ..." ಊರುಗೋಲು ಮೊದಲ ಸಲ ಕೈಕೊಟ್ಟಿತು. ಕಿವಿಗಳು ಕೆಂಡವಾದವು.

ಹಿಲ್ಡಾ ಅವನ ಕೈಯಿಂದ ತಟ್ಟೆ ಬಿಡಿಸಿ, ನೆಟ್ಟಗಿಟ್ಟು, ಮೇಲೊಂದು ಕೇಕಿನ ತುಂಡು ಹಾಕಿದಳು. "ತಿನ್ನೋ ಲೆನ್. ನೋಡೋಕೆ ಅಪ್ಪ ಇಲ್ಲ ಬಿಡು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಬೇಡಿಕೊಂಡಿದ್ದ ಅಕ್ಕನ ಮಾತು ಬಂದಿತ್ತು, ಆದರೆ ಹೀಗೆ ಬಂದಿತ್ತು. ಆ ತುಂಡನ್ನು ಅವನು ಮುಟ್ಟಲಿಲ್ಲ. ತಟ್ಟೆ ಮತ್ತೆ ಖಾಲಿಯಾದರೆ ಕೈ ಏನು ಮಾಡೀತೋ ಎಂಬ ಭಯ.

ಇಂಥವರನ್ನು ಉಗಿಯಬೇಕೆಂದು ತೆರೆದ ನಮ್ಮ ಬಾಯಿ ಇಲ್ಲಿಗೆ ಬಂದು ನಿಲ್ಲುತ್ತದೆ. ಊರಿನ ಆವಿಗೆ ಆರಿಸಿ ಕಂಪನಿಯನ್ನು ಉಳಿಸುವ ಜಾಣರ ತಲೆ ಏನನ್ನಾದರೂ ಮರೆಯಬಲ್ಲದು. ಕೈ ಮಾತ್ರ ಮರೆಯದು. ಅದಕ್ಕೇ ಅವರು ಎಷ್ಟು ಎತ್ತರಕ್ಕೇರಿದರೂ, ತಮ್ಮವರ ಪಂಕ್ತಿಯಲ್ಲಿ ಕೂತಾಗ, ತಮ್ಮ ಕೈಯನ್ನು ತಾವೇ ಹಿಡಿದುಕೊಂಡಿರುತ್ತಾರೆ.