ಟೆಸ್ಟ್ ಡ್ರೈವ್‌ಗೆ ಬಂದ ಗಂಡ ಹೆಂಡತಿ

ಪಶುವೈದ್ಯೆಯ ಕಾರು ಹಳೆಯದಾಗಿತ್ತು, ಮುದಿಯಾಗಿರಲಿಲ್ಲ. ನೋಡಲು ನಾಲ್ಕು ಬಾಗಿಲಿನ ಸಾಧು ಸೆಡಾನ್; ಎಂಜಿನ್ ಮಾತ್ರ ರೇಸಿನದು. ಕಂಪನಿ ಹೇಳಿದ್ದಕ್ಕಿಂತ ಮೊದಲೇ ಅವಳು ಆಯಿಲ್ ಬದಲಿಸುತ್ತಿದ್ದಳು. ಬ್ರೇಕ್ ಪ್ಯಾಡ್ ಪೂರ್ತಿ ಸವೆಯಲು ಬಿಟ್ಟವಳೇ ಅಲ್ಲ. ಎಂಜಿನ್ ಹದವಾಗಿ ಬಿಸಿಯಾಗುವವರೆಗೆ ಜೋರಾಗಿ ಓಡಿಸುತ್ತಲೂ ಇರಲಿಲ್ಲ. ಆದರೆ ಬೆನ್ನುನೋವು ಹಿಡಿದ ಮೇಲೆ ಆ ತಗ್ಗು ಸೀಟಿನಿಂದ ಏಳುವುದೇ ಹರಸಾಹಸವಾಗಿ, ಮಾರಲು ಮನಸ್ಸು ಮಾಡಿದಳು. ಮಾಡಿದರೇನು, ಬಂದವರನ್ನೆಲ್ಲ ಏನಾದರೊಂದು ನೆಪ ಹೇಳಿ ಸಾಗಹಾಕುತ್ತಿದ್ದಳು.

"ನೀನು ಕಾರು ಮಾರ್ತಿದೀಯೋ, ಮಗಳಿಗೆ ಗಂಡು ನೋಡ್ತಿದೀಯೋ?" ಎಂದು ಗಂಡ ನಗುತ್ತಿದ್ದ.

ಭಾನುವಾರ ಬೆಳಿಗ್ಗೆ ಬಂದವನು ಮೆದು ಮಾತಿನವನು. ಹೆಂಡತಿಯೂ ಜೊತೆಗಿದ್ದಳು. ಅವನು ಬಾನೆಟ್ ತೆಗೆಸಲಿಲ್ಲ, ಸರ್ವಿಸ್ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಓಡಿಸಿ ನೋಡ್ಬಹುದಾ ಮೇಡಂ?"

ವೈದ್ಯೆ ಅವನ ಪಕ್ಕದಲ್ಲಿ ಕೂತಳು. ಹೆಂಡತಿ ಹಿಂದೆ ಕೂತಳು. ಊರಾಚೆಯ ರಸ್ತೆ ಸಿಕ್ಕಿದ್ದೇ ತಡ, ಅವನು ಆಕ್ಸಿಲರೇಟರನ್ನು ಪೂರ್ತಿ ತುಳಿದ.

"ನಿಧಾನ, ಎಂಜಿನ್ ಇನ್ನೂ ತಣ್ಣಗಿದೆ," ಎಂದಳು ವೈದ್ಯೆ.

ಅವನ ಕಣ್ಣು ಕನ್ನಡಿಯಲ್ಲಿತ್ತು. "ಅಣ್ಣನ ಮನೆಗೆ ಹೋಗ್ಬೇಕು ಅಂದ್ಯಲ್ಲ," ಎಂದು ಹಿಂದಿದ್ದವಳನ್ನು ಕೇಳಿದ, ಅದೇ ಮೆದು ದನಿಯಲ್ಲಿ. "ಯಾವಾಗ ಹೋಗ್ತೀಯ? ಈಗ ಹೇಳು."

ಎದುರಿನ ಲಾರಿ ಕೂದಲೆಳೆಯಲ್ಲಿ ತಪ್ಪಿತು.

"ಎಲ್ಲಿಗೂ ಹೋಗಲ್ಲ."

"ಕೇಳಿಸ್ಲಿಲ್ಲ." ಕಾರು ಇನ್ನೂ ಜೋರಾಯಿತು.

ಕಚ್ಚುವ ನಾಯಿಯ ಮುಂದೆ ದನಿ ಏರಿಸಬಾರದೆಂದು ವೈದ್ಯೆಗೆ ಅವಳ ಕಸುಬು ಕಲಿಸಿತ್ತು. "ಹಿಂದಿನ ಟಯರಲ್ಲಿ ಗಾಳಿ ಇಳೀತಿರೋ ಹಾಗಿದೆ," ಎಂದಳು. "ಈ ಸ್ಪೀಡಲ್ಲಿ ಒಡೆದ್ರೆ ನಾವ್ಯಾರೂ ಉಳಿಯಲ್ಲ. ಸ್ವಲ್ಪ ಇಳಿದು ನೋಡ್ತೀರಾ? ನಂಗೆ ಬಗ್ಗೋಕಾಗಲ್ಲ."

ಅವನು ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಇಳಿದು ಹಿಂದಕ್ಕೆ ಹೋದ. ಅವಳು ಹಲ್ಲು ಕಚ್ಚಿ ಆಚೆ ಸೀಟಿಗೆ ಸರಿದು, ಬಾಗಿಲು ಲಾಕ್ ಮಾಡಿ ಕಾರು ಹೊರಡಿಸಿದಳು. ಅವನು ಓಡಿಬರಲಿಲ್ಲ, ಕೂಗಲೂ ಇಲ್ಲ. ಅಂಗೈ ಒರೆಸಿಕೊಳ್ಳುತ್ತ, ಕಾರು ಮರೆಯಾಗುವವರೆಗೆ ನೋಡುತ್ತ ನಿಂತ.

"ಅಣ್ಣನ ಮನೆ ಎಲ್ಲಮ್ಮಾ?"

ಹಿಂದಿನವಳಿಗೆ ಅಳು ಒತ್ತರಿಸಿ ಬಂತು. "ನಿಜವಾಗ್ಲೂ ಕರ್ಕೊಂಡ್ಹೋಗ್ತೀರಾ?"

ಅವಳನ್ನು ಅಣ್ಣನ ಮನೆ ಸೇರಿಸಿದ್ದಾಯಿತು. ಅಣ್ಣ ಪೊಲೀಸರಿಗೆ ದೂರು ಕೊಟ್ಟ. ಆಮೇಲೆ ವೈದ್ಯೆಗೆ ಆ ಕಾರಿನಲ್ಲಿ ಕೂರಲು ಮನಸ್ಸೇ ಬರಲಿಲ್ಲ. ಹಳೇ ಕಾರುಗಳ ವ್ಯಾಪಾರಿ ಕೇಳಿದ ಬೆಲೆಗೇ ಕೊಟ್ಟು ಕೈತೊಳೆದುಕೊಂಡಳು.

ಒಂದು ಮಧ್ಯಾಹ್ನ ವ್ಯಾಪಾರಿ ಫೋನ್ ಮಾಡಿದ. ಭಾರೀ ಖುಷಿಯಲ್ಲಿದ್ದ. "ನಿಮ್ಮ ಕಾರು ನಿನ್ನೆ ಹೋಯ್ತು ಡಾಕ್ಟ್ರೇ! ಚೌಕಾಸಿನೇ ಇಲ್ಲ. ಓಡಿಸಿ ನೋಡಿ ಸಾರ್ ಅಂದ್ರೆ, ಆಗ್ಲೇ ಓಡಿಸಿದೀನಿ ಅಂದ ಪುಣ್ಯಾತ್ಮ."

ಆ ಪುಣ್ಯಾತ್ಮ ಯಾರೆಂದು ವೈದ್ಯೆಗೆ ಹೊಳೆಯಿತು. ಕೂಡಲೇ ಆ ಹೆಂಗಸಿಗೆ ಫೋನ್ ಮಾಡಿದಳು.

"ಗೊತ್ತು ಡಾಕ್ಟ್ರೇ," ಎಂದು ಪಿಸುದನಿ ಬಂತು. "ಬೆಳಿಗ್ಗೆಯಿಂದ ಮನೆ ಎದುರಿಗೇ ನಿಂತಿದಾನೆ. ಅಣ್ಣ ಕೆಲಸಕ್ಕೆ ಹೋಗಿದಾನೆ."

"ಚಿಲಕ ಹಾಕ್ಕೋ. ಕಿಟಕಿ ಹತ್ರ ಹೋಗ್ಬೇಡ. ಪೊಲೀಸ್ನೋರಿಗೆ ನಾನು ಹೇಳ್ತೀನಿ."

ಪೊಲೀಸರು ಹೋದರು. ಅವನು ಗಾಜು ಇಳಿಸಿ, ನಗುನಗುತ್ತ ಕಾರಿನ ಕಾಗದಪತ್ರ ತೋರಿಸಿದನಂತೆ. "ಕಾರು ನಂದು, ರಸ್ತೆ ಎಲ್ಲರದ್ದು. ತಪ್ಪೇನು ಸಾರ್?" ಎಂದನಂತೆ. ಅವರು ಗದರಿಸಿ ಕಳಿಸಿದರು.

ಆ ಸಂಜೆಯೇ ಅಣ್ಣ ತಂಗಿಯನ್ನು ಬೇರೆ ಊರಿಗೆ ಸಾಗಿಸಿದ. ಯಾವ ಊರೆಂದು ವೈದ್ಯೆ ಕೇಳಲಿಲ್ಲ. ತನಗೆ ತಿಳಿಯದಿರುವುದೇ ಒಳ್ಳೆಯದೆನಿಸಿತು.

ಮರುದಿನ ಅವಳು ಕ್ಲಿನಿಕ್ಕಿನ ಬಾಗಿಲು ತೆರೆದಾಗ, ಎದುರಿನ ಮರದಡಿ ಕಾರು ನಿಂತಿತ್ತು. ಚೆನ್ನಾಗಿ ತೊಳೆದು ಒರೆಸಿದ್ದ.