ಬಿ.ಪಿ. ಉಪ್ಪು

೨೦೨೪ರ ಡಿಸೆಂಬರ್ ೮, ಭಾನುವಾರ, ಬೆಳಿಗ್ಗೆ ೧೧ ಗಂಟೆ ೧೦ ನಿಮಿಷ. ಗಂಗಾವತಿಯ ಪುಸ್ತಕ ಪ್ರದರ್ಶನದ ಪೆಂಡಾಲಿನಲ್ಲಿ ಮುಬಾಶಿರಾ ಎರಡು ಕೈಯಲ್ಲಿ ಎರಡು ಅಡುಗೆ ಪುಸ್ತಕ ಹಿಡಿದು, ಯಾವುದನ್ನು ಕೊಳ್ಳಲಿ ಎಂದು ಯೋಚಿಸುತ್ತಿದ್ದಳು.

ಆಕೆ ಪುಸ್ತಕ ಆರಿಸುವ ರೀತಿಯೇ ಬೇರೆ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಅಕ್ಕಿ ಗಿರಣಿಯ ಲ್ಯಾಬಿನಲ್ಲಿ ಭತ್ತದ ತೇವ ಅಳೆಯುವ ಕೆಲಸದಲ್ಲಿದ್ದವಳು. ಬಣ್ಣದ ಚಿತ್ರಗಳಿಗೆ ಮರುಳಾಗುತ್ತಿರಲಿಲ್ಲ. ‘ರುಚಿಗೆ ತಕ್ಕಷ್ಟು’ ಎಂಬ ಮಾತು ಕಂಡರೆ ಅಲ್ಲಿಗೇ ಮುಚ್ಚಿಡುತ್ತಿದ್ದಳು. ಗ್ರಾಂ ಲೆಕ್ಕ ಇರಬೇಕು, ಹೇಳಿದ ಸಾಮಾನು ಗಂಗಾವತಿಯಲ್ಲಿ ಸಿಗಬೇಕು, ಸಿಗದಿದ್ದರೆ ಬದಲಿಗೆ ಏನು ಹಾಕಬೇಕೆಂದು ಬರೆದಿರಬೇಕು.

ಹೀಗೆ ಅಳೆದು ತೂಗಿ ಹೋದ ತಿಂಗಳು ಒಂದು ಪುಸ್ತಕ ತರಿಸಿದ್ದಳು. ಬಿ.ಪಿ. ಇದ್ದವರಿಗಾಗಿ ದೇಶ ವಿದೇಶದ ಅಡುಗೆ. ಅದು ಮಾವ ಮೆಹಬೂಬಸಾಬರ ಸಲುವಾಗಿ. ಗಾದಿ ಹೊಲಿಯುವ ಕಸುಬಿನ ಅವರಿಗೆ ಬಿ.ಪಿ. ಏರಿದಾಗ ಡಾಕ್ಟರು ಗುಳಿಗೆ ಬದಲಿಸಿ, “ಕಿಡ್ನಿ ಸ್ವಲ್ಪ ದಣದಾವ, ಉಪ್ಪು ಕಡಿಮಿ ಮಾಡ್ರಿ” ಎಂದಿದ್ದರು. ಆ ಪುಸ್ತಕದ ಎಲ್ಲ ಅಡುಗೆಗೂ ಮಾಮೂಲಿ ಉಪ್ಪಿನ ಬದಲು ಸೋಡಿಯಂ ಕಡಿಮೆಯಿರುವ ಉಪ್ಪು. ಮುಬಾಶಿರಾ ಅದನ್ನೇ ತಂದು, “ಇದು ಬಿ.ಪಿ. ಉಪ್ಪು” ಎಂದು ಅತ್ತೆ ಹಜರತಬೀಗೆ ಹೇಳಿ, ಮನೆಯ ಉಪ್ಪಿನ ಭರಣಿ ತುಂಬಿದ್ದಳು. ಮೆಕ್ಸಿಕೋದ ಕಾಳಿನ ಸಾರು ಮಾವನಿಗೆ ಹಿಡಿಸಿತು. ಇಟಲಿಯ ಉದ್ದನೆಯ ಎಳೆಗಳನ್ನು ಎತ್ತಿ ನೋಡಿ, “ನಮ್ಮ ಶ್ಯಾವಿಗಿಯ ದೊಡ್ಡಪ್ಪ ಐತಲ್ಲ ಇದು!” ಎಂದು ನಕ್ಕು ಮತ್ತೆ ಹಾಕಿಸಿಕೊಂಡಿದ್ದರು. ಅದಕ್ಕೇ ಇನ್ನೊಂದು ಪುಸ್ತಕದ ಆಸೆ.

“ಅಕ್ಕಾರ, ಹೆಣ್ಣ ನೋಡಾಕ ಬಂದವ್ರೂ ಇಷ್ಟೊತ್ತ ನೋಡಂಗಿಲ್ರಿ,” ಎಂದ ಮಳಿಗೆಯ ಕಾಶಿನಾಥ.

“ಅವ್ರು ಉಪ್ಪಿಟ್ಟ ತಿಂದ ಹೋಗ್ತಾರಣ್ಣ. ನಾ ದಿನಾ ಮಾಡಿ ಹಾಕಬೇಕು.”

ನಗುತ್ತಲೇ ಬಲಗೈಯ ಪುಸ್ತಕದಲ್ಲಿ ಬದಲಿ ಸಾಮಾನುಗಳ ಪುಟ ತೆರೆದಳು. ಉಪ್ಪಿನ ಕೆಳಗೆ ಸಣ್ಣಕ್ಷರದಲ್ಲಿತ್ತು: ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡ ಸೋತವರು ಮತ್ತು ಕೆಲವು ಬಗೆಯ ಬಿ.ಪಿ. ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಮೊದಲು ಕೈಕಾಲು ಸೋಲುತ್ತವೆ. ಮುಂದೆ ಹೃದಯ ನಿಲ್ಲಬಹುದು.

ಮುಬಾಶಿರಾ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಪೊಟ್ಯಾಸಿಯಂ ಕ್ಲೋರೈಡ್ ಆಕೆಗೆ ಹೊಸದಲ್ಲ, ಕಾಲೇಜಿನಲ್ಲಿ ಕೈಯಾರೆ ತೂಗಿದ್ದಳು. ಪಾಕೀಟಿನ ಮೇಲೂ ಓದಿದ್ದಳು. ಯಾವುದು ಕಡಿಮೆಯಾಯಿತು ಎಂದಷ್ಟೇ ನೋಡಿದ್ದಳು. ಅದರ ಜಾಗಕ್ಕೆ ಬಂದದ್ದು ಮಾವನ ಮೈಯಲ್ಲಿ ಏನು ಮಾಡೀತು ಎಂದು ಕೇಳಿಕೊಂಡಿರಲಿಲ್ಲ. ಈ ಎಚ್ಚರಿಕೆ ಮೊದಲ ಪುಸ್ತಕದಲ್ಲೂ ಇತ್ತೋ ಏನೋ. ಮುನ್ನುಡಿ ಬಿಟ್ಟು ನೇರ ಅಳತೆಗೇ ಹೋಗಿದ್ದಳು. ಈ ವಾರವೆಲ್ಲ ಮಾವ, “ಕಾಲಾಗ ಹಸಿ ಹತ್ತಿ ತುಂಬಿದಂಗ ಆಗೇತಿ” ಎನ್ನುತ್ತಿದ್ದರು. ಚಳಿಗೆ ಹಾಗೆ ಎಂದು ಎಲ್ಲರೂ ಸುಮ್ಮನಾಗಿದ್ದರು.

ಮನೆಗೆ ಫೋನ್ ಮಾಡಿದಳು. ಅತ್ತೆ ಎತ್ತಿದರು. “ಅಮ್ಮಾ, ಅಬ್ಬಾ ಏನ್ ಮಾಡಾಕತ್ಯಾರ?”

“ಮಲಗ್ಯಾರ. ಏಳಾಕ ಹೋದ್ರು, ಆಗಲಿಲ್ಲ, ಮತ್ತ ಅಡ್ಡಾದ್ರು. ಊಟಕ್ಕ ಎಬ್ಬಿಸಲೇನು?”

“ಬ್ಯಾಡ! ಏನೂ ತಿನ್ನಿಸಬ್ಯಾಡ್ರಿ. ಉಪ್ಪ ಮುಟ್ಟಿಸಬ್ಯಾಡ್ರಿ. ನಾ ಬಂದೆ.”

ಪುಸ್ತಕಗಳನ್ನು ಅಲ್ಲೇ ಬಿಟ್ಟು ಆಟೋ ಹಿಡಿದಳು. ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದರು. ಪ್ರತಿ ರಾಶಿಯ ಬಳಿಯೂ ಆಟೋ ನಿಧಾನವಾದಾಗ ಆಕೆ ಮುಂದಕ್ಕೆ ಬಾಗಿ, “ಲಗೂ ಅಣ್ಣ” ಎನ್ನುತ್ತಿದ್ದಳು.

ಮೆಹಬೂಬಸಾಬರು ಗೋಡೆಗೆ ಒರಗಿದ್ದರು. “ಏನ ಬೇಟಿ, ಅಂಗಡ್ಯಾಂವ ಬೆನ್ನ ಹತ್ಯಾನೇನು?” ಎಂದು ಏಳಹೋದರು. ಮೊಣಕಾಲು ಮಡಚಿಕೊಂಡಿತು. ಹಿಡಿದುಕೊಂಡವಳ ಬೆರಳಿಗೆ ನಾಡಿ ಸಿಕ್ಕಿತು. ನಡುನಡುವೆ ಒಂದು ಬಡಿತ ತಪ್ಪಿಸಿ, ಮರೆತದ್ದು ನೆನಪಾದಂತೆ ಮತ್ತೆ ಬಡಿಯುತ್ತಿತ್ತು.

ಆಸ್ಪತ್ರೆಗೆ ಹೊರಟ ಆಟೋದಲ್ಲಿ ಅತ್ತೆ ಆಕೆಯ ಮೊಣಕೈ ಹಿಡಿದರು. “ಖರೇ ಹೇಳು. ಏನಾಗೇತಿ?”

“ಆ ಉಪ್ಪ ಅಮ್ಮಾ. ಕಿಡ್ನಿ ದಣದವ್ರಿಗೆ ಅದು ಆಗಂಗಿಲ್ಲ. ನಾ ನೋಡಲಿಲ್ಲ.”

ಹಜರತಬೀ ಹಣೆ ಬಡಿದುಕೊಂಡರು. “ಯಾ ಅಲ್ಲಾ! ಬಿ.ಪಿ. ಉಪ್ಪ ಅಂದಿದ್ದಿಯಲ್ಲ ನೀನು? ಔಷಧ ಅಂತ ತಿಳ್ಕೊಂಡು ನಾ ದಿನಾ ಮಜ್ಜಿಗ್ಯಾಗೂ ಒಂದ ಚಮಚಾ ಹಾಕಿ ಕುಡಸ್ತಿದ್ದೆ. ಲಗೂ ಆರಾಮ ಆಗ್ಲಿ ಅಂತ.”

ಆಗ ಮುಬಾಶಿರಾಗೆ ಇನ್ನೊಂದು ಹೊಳೆಯಿತು. ಊಟಕ್ಕೆ ಮೊದಲು ಒಂದು ಚಿಟಿಕೆ ಉಪ್ಪು ನಾಲಿಗೆಗೆ ಹಚ್ಚಿಕೊಳ್ಳುವುದು, ಕೊನೆಯ ತುತ್ತಿನ ಮೇಲೆ ಮತ್ತೊಂದು ಚಿಟಿಕೆ, ಇದು ಮಾವ ತಮ್ಮ ಅಪ್ಪನಿಂದ ಕಲಿತು ಒಂದು ದಿನವೂ ತಪ್ಪಿಸದ ಪದ್ಧತಿ. ಆಕೆ ಗ್ರಾಂ ಲೆಕ್ಕ ಹಾಕಿದ್ದು ಪಾತ್ರೆಯೊಳಗಿನ ಉಪ್ಪಿಗೆ ಮಾತ್ರ. ಹೊರಗಿನದು ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಆ ಮೊತ್ತಕ್ಕೇ ಆಕೆ ಹೆಚ್ಚು ಹೆದರಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಶೋಭಾರಾಣಿ ಇ.ಸಿ.ಜಿ. ನೋಡಿದವರೇ ಹೆಚ್ಚು ಮಾತಾಡದೆ ಸೂಜಿಮದ್ದು ತರಿಸಿದರು. ರಕ್ತದ ಫಲಿತಾಂಶ ಬಂತು: ಪೊಟ್ಯಾಸಿಯಂ ೬.೮.

“ಐದರ ಒಳಗ ಇರಬೇಕವಾ,” ಎಂದರು. “ಹೃದಯ ಕಾಯಾಕ ಒಂದು ಔಷಧ ಕೊಟ್ಟೀನಿ, ಪೊಟ್ಯಾಸಿಯಂ ಇಳಸಾಕ ಇನ್ನೊಂದು. ಇಳೀಲಿಲ್ಲಂದ್ರ ಡಯಾಲಿಸಿಸ್‌ಗೆ ಕೊಪ್ಪಳಕ್ಕ ಕಳಸಬೇಕಾಗ್ತೈತಿ.”

“ಕಳಸ್ರಿ, ಈಗ ಕಳಸ್ರಿ.”

“ಹಿಂತಾ ಹೃದಯ ಇಟ್ಕೊಂಡು ದಾರ್ಯಾಗ ಬ್ಯಾಡ. ಮೊದಲ ಇಲ್ಲಿ ಇಳೀಲಿ.”

ಹಾಸಿಗೆಯ ಪಕ್ಕದ ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು. ಅದು ಪ್ರತಿ ಸಲ ತಡೆದಾಗ ಮುಬಾಶಿರಾಳ ಉಸಿರೂ ತಡೆಯುತ್ತಿತ್ತು. ಮೆಹಬೂಬಸಾಬರು ಕತ್ತು ಹೊರಳಿಸಿ ಅದನ್ನೇ ನೋಡಿದರು.

“ಹೊಲಿಗಿ ಸಮ ಬಿದ್ದಿಲ್ಲ ಬೇಟಿ. ನನ್ನ ಅಂಗಡ್ಯಾಗ ಹಿಂಗ ಹೊಲದ್ರ ಗಾದಿ ವಾಪಸ್ ಬರ್ತಾವ.”

“ಅಬ್ಬಾ, ಆ ಉಪ್ಪ ಆರಿಸಿ ತಂದಾಕಿ ನಾನ.”

“ಗೊತ್ತೈತಿ. ನಿಮ್ಮಮ್ಮ ಸುಮ್ನಿರ್ತಾಳೇನು?” ಎಂದು ತುಟಿಯಲ್ಲೇ ನಕ್ಕರು. ಮತ್ತೆ, ಮೆಲ್ಲಗೆ, “ನನಗ ಅಂಜಿಕಿ ಆಗಾಕತ್ತೈತಿ. ಕೈ ಬಿಡಬ್ಯಾಡ,” ಎಂದರು. ಇಷ್ಟು ವರ್ಷದಲ್ಲಿ ಆ ಬಾಯಿಂದ ಅಂಜಿಕೆ ಎಂಬ ಮಾತನ್ನು ಆಕೆ ಕೇಳಿರಲಿಲ್ಲ. ಎರಡೂ ಕೈಯಿಂದ ಅವರ ಕೈ ಹಿಡಿದಳು. ಅತ್ತೆ ಕಾಲಬಳಿ ನಿಂತು ದುವಾ ಓದುತ್ತಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮತ್ತೊಮ್ಮೆ ರಕ್ತ ತೆಗೆದರು. ನರ್ಸ್ ಚೀಟಿ ಹಿಡಿದು ಬಂದಾಗ ಮುಬಾಶಿರಾ ಕೈ ಚಾಚಲಿಲ್ಲ. ಡಾಕ್ಟರೇ ತೆಗೆದುಕೊಂಡು, ಒಮ್ಮೆ ಪರದೆ ನೋಡಿ, “ಇಳ್ಯಾಕತ್ತೈತವಾ, ಕೊಪ್ಪಳಕ್ಕ ಹೋಗೂದ ಬ್ಯಾಡ,” ಎಂದು ಓದಿ ಹೇಳಿದರು. ಪೊಟ್ಯಾಸಿಯಂ, ಲೀಟರಿಗೆ ೫.೬ ಮಿಲಿಮೋಲ್.